ದಶರಥನ ಮೂರನೆಯ ಕಾಲು

೧೯೬೧ರ ಜನವರಿಯ ಒಂದು ಇಳಿಹೊತ್ತಿನಲ್ಲಿ, ಬಬಲೇಶ್ವರದ ಸಾಲೆಯ ಬಯಲಿನಲ್ಲಿ, ಇನ್ನೂರು ಜನರ ಕಣ್ಣೆದುರು ದಶರಥನ ಚಡ್ಡಿಯ ಲಾಡಿ ಹರಿಯಿತು.

ಹರಿಯಬಾರದ ಹೊತ್ತು ಅದು. ತಿಕೋಟಾದ ಹುತುತು ತಂಡದ ಪರವಾಗಿ ಎದುರಾಳಿಗಳ ಅಂಕಣಕ್ಕೆ ನುಗ್ಗಿ, ಒಂದೇ ಉಸಿರಿನಲ್ಲಿ ‘ಹುತುತು ಹುತುತು’ ಎನ್ನುತ್ತ ಬಬಲೇಶ್ವರದ ಮೂವರನ್ನು ಮುಟ್ಟಿ, ನಡುಗೆರೆ ದಾಟಿ ಬಂದಿದ್ದ. ಪಂದ್ಯ ಗೆದ್ದಾಗಿತ್ತು. ಗೆದ್ದ ಹಿಗ್ಗಿಗೆ ಒಂದು ನೆಗೆತ ನೆಗೆದ. ಮೇಲೆ ಹೋದದ್ದು ದಶರಥ, ಕೆಳಗೆ ಹೊರಟದ್ದು ಚಡ್ಡಿ. ಎರಡೂ ಕೈ ಮಾನ ಹಿಡಿಯಲು ಓಡಿದವು; ಮೈ ಹಿಡಿಯಲು ಯಾವ ಕೈಯೂ ಉಳಿಯಲಿಲ್ಲ. ಅಂಕಣದ ಮೂಲೆಯಲ್ಲಿ ಗುರುತಿಗೆಂದು ಹುಗಿದಿದ್ದ ಕಲ್ಲಿಗೆ ಬಲ ಮೊಣಕಾಲು ಬಡಿಯಿತು. ತೆಂಗಿನ ಚಿಪ್ಪು ಒಡೆದಂಥ ಸದ್ದು. ಒಡೆದದ್ದು ಚಿಪ್ಪೇ, ತೆಂಗಿನದಲ್ಲ ಅಷ್ಟೆ. ಕಾಲ ಕೆಟ್ಟಿತ್ತು ಎನ್ನೋಣವೆಂದರೆ ಕೆಟ್ಟದ್ದು ಬಲಗಾಲು ಮಾತ್ರ. ನೆಲದ ಮೇಲೆ ಬಿದ್ದವನು ಇನ್ನೂ ಉಸಿರು ಬಿಡದೆ ‘ಹುತುತು’ ಎನ್ನುತ್ತಲೇ ಇದ್ದನಂತೆ. ನೋಡಿದವರು ಮೊದಲು ನಕ್ಕರು, ಆಮೇಲೆ ಓಡಿ ಬಂದರು.

ದಶರಥ ತಿಕೋಟಾದಲ್ಲಿ ಟಪಾಲು ಹಂಚುವವನು. ಹೆಸರಿನಲ್ಲಿ ಹತ್ತು ರಥ, ಕೈಯಲ್ಲಿ ಒಂದು ಸೈಕಲ್ಲು. ಆಗ ಅವನಿಗೆ ಇಪ್ಪತ್ತಾರು. ತಂದೆ ಇರಲಿಲ್ಲ, ಮನೆಯಲ್ಲಿ ತಾಯಿ ಸತ್ಯವ್ವ ಒಬ್ಬಳೇ. ನೌಕರಿ ಇನ್ನೂ ಕಾಯಂ ಆಗಿರಲಿಲ್ಲ. ಸುತ್ತಲಿನ ಹಳ್ಳಿಗಳ ಕಾರ್ಡು, ಮನಿಯಾರ್ಡರು, ಸಾವಿನ ಸುದ್ದಿಯ ತಂತಿ, ಎಲ್ಲವೂ ಅವನ ಎರಡು ಮೊಣಕಾಲುಗಳ ಮೇಲೆ ನಡೆಯುತ್ತಿದ್ದವು. ಸೈಕಲ್ಲು ತುಳಿಯಲಾರದ ಟಪಾಲಿನವನನ್ನು ಸರಕಾರವಾದರೂ ಏನು ಮಾಡೀತು?

ವಿಜಾಪುರದ ದವಾಖಾನೆಯಲ್ಲಿ ತೊಡೆಯಿಂದ ಪಾದದವರೆಗೆ ಪ್ಲಾಸ್ಟರ್ ಹಾಕಿದರು. ಹಾಕಿದವನು ಸಿಕಂದರ. ಗೋಳಗುಮ್ಮಟದ ಹಿಂದಿನ ಓಣಿಯವನು. ಅವನ ಹಿರಿಯರೆಲ್ಲ ಗಾರೆ ಕೆಲಸದವರಂತೆ. ಗೋಳಗುಮ್ಮಟಕ್ಕೆ ಗಾರೆ ಮೆತ್ತಿದ ಕೈ ಈಗ ಮೊಣಕಾಲ ಗುಮ್ಮಟಕ್ಕೆ ಬಂದಿದೆ, ಎಂದು ತಾನೇ ಹೇಳಿಕೊಂಡು ತಾನೇ ನಗುವ ಮನುಷ್ಯ. ಒದ್ದೆ ಪಟ್ಟಿ ಸುತ್ತುತ್ತ, ಒಣಗುವ ತನಕ ಅಲುಗಬೇಡ, ಇದು ನಿನ್ನ ಕಾಲಿನ ಗೋರಿ ಎಂದು ತಿಳಿದುಕೋ, ಎಂದಿದ್ದ. ಆ ಮಾತು ದಶರಥನಿಗೆ ಆಗಲೇ ಅಷ್ಟು ಸರಿ ಬಂದಿರಲಿಲ್ಲ.

ಮಾರ್ಚ್ ಕೊನೆಗೆ ಪ್ಲಾಸ್ಟರನ್ನು ಎರಡೂ ಪಕ್ಕದಲ್ಲಿ ಸೀಳಿ ತೆಗೆದರು. ಒಳಗಿನಿಂದ ಹೊರಬಂದ ಕಾಲನ್ನು ದಶರಥ ತನ್ನದೆಂದು ಒಪ್ಪಿಕೊಳ್ಳಲು ಸ್ವಲ್ಪ ಹೊತ್ತು ಹಿಡಿಯಿತು. ಬಿಳಿಚಿಕೊಂಡಿತ್ತು, ಸೊರಗಿತ್ತು. ಪಕ್ಕದಲ್ಲಿ ಬಿದ್ದಿದ್ದ ಪ್ಲಾಸ್ಟರಿಗೆ ಮಾತ್ರ ಮೀನಖಂಡದ ಉಬ್ಬು, ಹಿಮ್ಮಡಿಯ ದುಂಡು, ಎಲ್ಲವೂ ಇದ್ದವು. ಜನವರಿಯಲ್ಲಿ ಮೂವರನ್ನು ಮುಟ್ಟಿ ಬಂದ ಕಾಲು ಅದೇ ಎನ್ನುವ ಹಾಗೆ. ಒಳಮೈಗೆ ಹತ್ತಿಯ ಜೊತೆ ಅವನ ಕೂದಲು, ಹಾವಿನ ಪೊರೆಯಂಥ ಒಣ ತೊಗಲು ಅಂಟಿಕೊಂಡಿದ್ದವು.

ಎಲುಬು ಕೂಡಿದೆ, ಇನ್ನು ದಿನವೂ ಮಡಚಬೇಕು ಎಂದರು ಡಾಕ್ಟರು. ಸಿಕಂದರ ಅದನ್ನೇ ಬಿಡಿಸಿ ಹೇಳಿದ:

“ಮಡಚೂದು ನನ್ನ ಕೆಲಸ ಅಲ್ಲ ತಮ್ಮಾ, ನಿಂದು. ನೋವಿಗೆ ಅಂಜಿದ್ಯೋ, ಕಟಗಿ ಆಗಿ ನಿಂದರತೈತಿ.”

ದಶರಥ ಪ್ಲಾಸ್ಟರಿನ ಎರಡು ಹೋಳುಗಳನ್ನೂ ಕೇಳಿ ಇಸಿದುಕೊಂಡ. ಜೂನ್ ಮೊದಲ ವಾರ ಟಪಾಲು ಇನಸ್ಪೆಕ್ಟರರು ತಿಕೋಟಾಕ್ಕೆ ಬರುವವರಿದ್ದರು. ಅವರ ಮುಂದೆ ಸೈಕಲ್ಲು ಹತ್ತಿ ತೋರಿಸಿದರೆ ನೌಕರಿ ಉಳಿಯುತ್ತದೆ. ಇಲ್ಲದಿದ್ದರೆ ಬದಲಿಗೆ ಬಂದಿರುವ ಧೂಳಪ್ಪನಿಗೆ ಕಾಯಂ ಆಗುತ್ತದೆ. ಜೊತೆಗೆ, ರಜೆಗೆ ಸುಳ್ಳು ಸರ್ಟಿಫಿಕೇಟು ತಂದವರನ್ನು ಕಂಡು ಕಂಡು ಆ ಇನಸ್ಪೆಕ್ಟರರು ಯಾವ ಕಾಗದವನ್ನೂ ನಂಬುತ್ತಿರಲಿಲ್ಲವೆಂದು ಪೋಸ್ಟ್ ಮಾಸ್ತರರು ಎಚ್ಚರಿಸಿದ್ದರು. ಕಾಗದ ನಂಬದವರು ಕಾಲನ್ನಾದರೂ ನಂಬಿಯಾರು. ಹೋಳುಗಳನ್ನು ಜೋಡಿಸಿ, ಪಾರ್ಸಲ್ಲಿನ ಸುತಳಿಯಿಂದ ಬಿಗಿದು, ಅಥಣಿ ರಸ್ತೆಯ ಬಸ್ಸಿನಲ್ಲಿ ತೊಡೆಯ ಮೇಲಿಟ್ಟುಕೊಂಡು ಊರಿಗೆ ಬಂದ. ಪಕ್ಕದಲ್ಲಿ ಕೂತಿದ್ದವನು ಆ ಕಾಲನ್ನು ನೋಡಿದ, ದಶರಥನ ಎರಡು ಕಾಲುಗಳನ್ನು ಎಣಿಸಿದ, ಎದ್ದು ಹೋಗಿ ಡ್ರೈವರನ ಹತ್ತಿರ ನಿಂತುಕೊಂಡ.

ಮನೆಯಲ್ಲಿ ಅದನ್ನು ಜೋಳದ ಚೀಲಗಳ ಪಕ್ಕ, ಗೋಡೆಗೆ ಆನಿಸಿ ನಿಲ್ಲಿಸಿದ. ನಿಲ್ಲಿಸುವುದೇನು, ಅದೇ ನಿಂತಿತು.

ಮೊದಲ ವಾರ ಏನೂ ಆಗಲಿಲ್ಲ. ಎರಡನೆಯ ವಾರ ಇರುವೆಗಳ ಒಂದು ಸಾಲು ಹೊಸಿಲು ದಾಟಿ ಬಂದು, ಕಾಲನ್ನು ಏರಿ, ಒಳಗೆ ಇಳಿಯಿತು. ಇಳಿದದ್ದನ್ನು ದಶರಥ ಕಂಡ. ಹೊರಗೆ ಬಂದದ್ದನ್ನು ಕಾಣಲಿಲ್ಲ. ಮತ್ತೊಂದು ದಿನ ಅಂಗಾಲಿನಲ್ಲಿ ತುರಿಕೆ ಎದ್ದಿತು. ಪ್ಲಾಸ್ಟರಿನಲ್ಲಿದ್ದಾಗ ಎರಡು ತಿಂಗಳು ಕೈಗೆ ಸಿಗದೆ ಕಾಡಿದ ಅದೇ ತುರಿಕೆ, ಅದೇ ಜಾಗ. ಈಗ ಕಾಲು ಬಿಡಾರ ಬಿಟ್ಟಿದೆಯಲ್ಲ ಎಂದು ಸಂತೋಷದಿಂದ ಕೆರೆದುಕೊಂಡ. ಹೋಗಲಿಲ್ಲ. ತೊಗಲು ಕೆಂಪಾಗುವವರೆಗೆ ಕೆರೆದರೂ ಹೋಗಲಿಲ್ಲ. ಕೊನೆಗೆ, ಯಾರೂ ನೋಡುತ್ತಿಲ್ಲವೆಂದು ಖಾತ್ರಿ ಮಾಡಿಕೊಂಡು, ಕುಂಟುತ್ತ ಹೋಗಿ ಮೂಲೆಯ ಕಾಲಿನ ಅಂಗಾಲನ್ನು ಉಗುರಿನಿಂದ ಕೆರೆದ.

ತುರಿಕೆ ಹೋಯಿತು.

ಅವನು ಕೈ ಹಿಂದಕ್ಕೆ ತೆಗೆದುಕೊಂಡ. ಅದರ ತೊಡೆಯ ಬಾಯಿಯಲ್ಲಿ ಕೈ ಇಳಿಸಿ ನೋಡಿದ. ಒಳಗೆ ಬೆಚ್ಚಗಿತ್ತು. ಹಂಚಿನ ಸಂದಿಯಿಂದ ಬಿಸಿಲು ಬೀಳುತ್ತದೆ, ಅದಕ್ಕೇ, ಎಂದುಕೊಂಡ. ಬಿಸಿಲು ಬೀಳುತ್ತಿದ್ದದ್ದು ಎದುರು ಗೋಡೆಗೆ.

ಆಮೇಲೆ ಮಟಮಟ ಮಧ್ಯಾಹ್ನದ ಹೊತ್ತು ಅದು ದನಿ ಮಾಡತೊಡಗಿತು. ಬಾಗಿಲಿನಿಂದ ಬಿಸಿಗಾಳಿ ಬಂದಾಗ ಟೊಳ್ಳಿನೊಳಗಿಂದ ಒಂದು ಸಣ್ಣ ಗುಂಯ್ಗುಡಿಕೆ. ಎತ್ತರವಿಲ್ಲ, ಇಳಿತವಿಲ್ಲ. ಹುತುತು ಆಡುವವನು ಉಸಿರು ಕಟ್ಟಿ ಹೇಳುವ ಹಾಗೆ. ಆಡುವವನು ಎಷ್ಟೇ ಗಟ್ಟಿಗನಾದರೂ ಒಂದು ಹೊತ್ತಿಗೆ ಉಸಿರು ಬಿಡಬೇಕು. ಇದು ಬಿಡುತ್ತಿರಲಿಲ್ಲ. ದಶರಥ ಕೂತಲ್ಲಿಯೇ ತನ್ನ ಉಸಿರು ಹಿಡಿದು ಅದರ ಜೊತೆ ಪಂದ್ಯ ಕಟ್ಟಿ ನೋಡಿದ. ಪ್ರತಿ ಸಲವೂ ಸೋತ. ಬಾಗಿಲು ಮುಚ್ಚಿದರೂ ದನಿ ಕೇಳುವುದನ್ನು ಕಂಡಮೇಲೆ ಪಂದ್ಯ ಬಿಟ್ಟ.

ಮೊಣಕಾಲು ಮಾತ್ರ ಮಡಚಲಿಲ್ಲ. ದಿನವೂ ಹೊರಸಿನ ಅಂಚಿಗೆ ಕೂತು, ಹಲ್ಲು ಕಚ್ಚಿ, ಎರಡು ಬೆರಳಿನಷ್ಟು ಬಾಗಿಸುವನು. ನೋವು ನೆತ್ತಿಗೆ ಏರುವುದು, ಬಿಟ್ಟುಬಿಡುವನು. ಬಿಟ್ಟ ಗಳಿಗೆಗೆ ಮೂಲೆಯ ಕಾಲು ಗುಂಯ್ ಎನ್ನುವುದು. ಹೊರಗೆ ಓಣಿಯಲ್ಲಿ ಧೂಳಪ್ಪ, ಎದುರಿಗೆ ನಾಯಿಯೂ ಇರದಿದ್ದರೂ, ಸೈಕಲ್ಲಿನ ಗಂಟೆ ಬಾರಿಸುತ್ತ ಹೋಗುವನು.

ಸತ್ಯವ್ವನಿಗೆ ಕಾಲನ್ನು ಕಂಡರೆ ಮೊದಲಿನಿಂದಲೂ ಆಗುತ್ತಿರಲಿಲ್ಲ. ಕಸ ಹೊಡೆಯುವಾಗ ಆ ಮೂಲೆಯನ್ನು ಬಿಟ್ಟೇ ಹೊಡೆಯುತ್ತಿದ್ದಳು. ಆದರೂ ಬೆಳಗ್ಗೆ ಗೋಡೆಗೆ ಮುಖ ಮಾಡಿದ್ದ ಪಾದ ಮಧ್ಯಾಹ್ನಕ್ಕೆ ಬಾಗಿಲಿಗೆ ಮುಖ ಮಾಡಿರುತ್ತಿತ್ತು. ನೀನು ತಿರುಗಿಸಿದೆಯಾ ಎಂದು ಮಗ ಕೇಳುವನು. ನೀನಲ್ಲವೇ ಎಂದು ತಾಯಿ ಕೇಳುವಳು. ಒಂದು ವಾರ ಹೀಗೆ ಕಳೆದ ಮೇಲೆ ಇಬ್ಬರೂ ಕೇಳುವುದನ್ನು ನಿಲ್ಲಿಸಿದರು. ಉತ್ತರಕ್ಕೆ ಅಂಜಿ ಪ್ರಶ್ನೆ ಬಿಡುವುದು ದೊಡ್ಡ ದೊಡ್ಡವರಲ್ಲಿಯೂ ಉಂಟು.

ಸತ್ಯವ್ವ ಹೋಗಿ ಮುದುಕವ್ವನನ್ನು ಕರೆದುಕೊಂಡು ಬಂದಳು. ಊರಲ್ಲಿ ಯಾರು ಸತ್ತರೂ ಕೊನೆಯ ನೀರು ಹಾಕಿ ಮೀಯಿಸಲು ಕರೆಯುವುದು ಮುದುಕವ್ವನನ್ನೇ. ಸುಮ್ಮನೆ ಮಾತಾಡಿಸಲು ಬಂದು ಕೂತರೂ ಬದುಕಿದ್ದವರು ಒಮ್ಮೆ ತಮ್ಮ ನಾಡಿ ನೋಡಿಕೊಳ್ಳುವಂಥ ಹೆಂಗಸು. ಅವಳು ಪ್ಲಾಸ್ಟರನ್ನು ಮೂಸಿದಳು, ಒಳಗೆ ಇಣುಕಿದಳು, ದಶರಥನ ಕಾಲಿನ ಕಡೆ ಕಣ್ಣೆತ್ತಿಯೂ ನೋಡಲಿಲ್ಲ.

“ಎರಡ ತಿಂಗಳ ಮೈಗೆ ಹತ್ತಿ ಇದ್ದದ್ದು ಬೇ ಇದು. ಇವನ ಬೆವರ ಐತಿ, ಕೂದಲ ಐತಿ, ತೊಗಲ ಐತಿ. ಕಾಲ ಆಗಾಕ ಇನ್ನೇನ ಬೇಕು? ಇವನ ನಡಿಗಿ ಎಲ್ಲಾ ಇದರಾಗ ಉಳದೈತಿ. ಮಣ್ಣ ಕೊಟ್ಟರ ಬಿಡತೈತಿ. ಇಲ್ಲಂದರ ಒಂದಿನ ತಾನ ಎದ್ದ ಹೋಗತೈತಿ.”

ಮೈಯಿಂದ ಬೇರೆಯಾದ ಅಂಗಕ್ಕೆ ಮಣ್ಣು ಕೊಡಬೇಕು ಎಂಬುದು ಹಿಂದಿನಿಂದ ಬಂದ ಪದ್ಧತಿ. ಗಾಣಕ್ಕೆ ಸಿಕ್ಕು ಹೋದ ಬೆರಳಿಗೂ ಮಣ್ಣು ಕೊಟ್ಟವರಿದ್ದರು. ಸತ್ಯವ್ವನಿಗೆ ಮಾತು ಪೂರ್ತಿ ಒಪ್ಪಿಗೆಯಾಯಿತು. ದಶರಥನಿಗೆ ಅರ್ಧ ಒಪ್ಪಿಗೆಯಾಯಿತು, ಉಳಿದರ್ಧ ನೌಕರಿಯ ಮೇಲಿತ್ತು.

“ಪುರಾವೆನ ಹುಗದಬಿಟ್ಟರ ಇನಸ್ಪೆಕ್ಟರಗ ಏನ ತೋರಸ್ಲಿ ಆಯಿ? ಸಮಾಧಿ ತೋರಸ್ಲ್ಯಾ?”

ಮುದುಕವ್ವ ಎದ್ದಳು. ಬಾಗಿಲಲ್ಲಿ ನಿಂತು, ಈ ಸಲ ಅವನನ್ನೇ ನೋಡಿ ಅಂದಳು: “ನೀ ಹುಗೀಲಿಲ್ಲಂದರ ಅದು ಬಿಡತೈತೇನಪಾ?”

ಮೇ ಹದಿಮೂರನೆಯ ತಾರೀಖು. ಸೂರ್ಯ ನೆತ್ತಿಯ ಮೇಲಿದ್ದ. ಹೊರಸಿನ ಮೇಲೆ ಮಂಪರಿನಲ್ಲಿದ್ದ ದಶರಥ, ಏನೋ ನಿಂತುಹೋದಂತಾಗಿ ಎಚ್ಚೆತ್ತ. ನಿಂತದ್ದು ಗುಂಯ್ಗುಡಿಕೆ. ಮೂಲೆ ಖಾಲಿಯಿತ್ತು. ಯವ್ವಾ ಎಂದು ಕರೆದ. ಮನೆಯಲ್ಲಿ ಯಾರೂ ಇರಲಿಲ್ಲ. ತಾಯಿಯ ಚಪ್ಪಲಿ ಬಾಗಿಲ ಬಳಿಯೇ ಇದ್ದವು, ಅಂದರೆ ಅವಳು ಹೊರಗೆ ಹೋಗಿರಲಾರಳು. ಈ ಬಿಸಿಲಿನಲ್ಲಿ ಬರಿಗಾಲಿನಲ್ಲಿ ಯಾರು ಹೋದಾರು?

ಹೊಸಿಲ ಆಚೆಯ ಹುಡಿಮಣ್ಣಿನಲ್ಲಿ ಒಂದು ಹೆಜ್ಜೆ ಮೂಡಿತ್ತು. ಬಲಗಾಲಿನದು. ಬೆರಳಿರಲಿಲ್ಲ.

ಅದರ ಮುಂದೆ ಒಂದು ಮಾರು ಬಿಟ್ಟು ಇನ್ನೊಂದು ಹೆಜ್ಜೆ. ಅದೂ ಬಲಗಾಲಿನದೇ. ಅದರ ಮುಂದೆ ಮತ್ತೊಂದು. ಎಡಗಾಲಿನ ಹೆಜ್ಜೆ ಎಲ್ಲಿಯೂ ಇರಲಿಲ್ಲ. ಬೇರೆ ಯಾರ ಹೆಜ್ಜೆಯೂ ಇರಲಿಲ್ಲ. ಸುತ್ತಲಿನ ಮಣ್ಣು ಆಗತಾನೆ ಸವರಿದಂತೆ ನುಣ್ಣಗಿತ್ತು. ಕಾಲೊಂದೇ, ತನ್ನ ಪಾಡಿಗೆ, ಓಣಿ ಹಿಡಿದು ನಡೆದಿತ್ತು.

ದಶರಥ ಕೋಲು ಹಿಡಿದು ಹೊರಟ. ಯಾಕೆ ಹೊರಟೆ ಎಂದು ಯಾರಾದರೂ ತಡೆದು ಕೇಳಿದ್ದರೆ, ಪುರಾವೆ ಹಿಡಿಯಲು ಎನ್ನುತ್ತಿದ್ದನೇನೋ. ಕೇಳಲು ಓಣಿಯಲ್ಲಿ ಒಂದು ಪಿಳ್ಳೆಯೂ ಇರಲಿಲ್ಲ. ಬಾಗಿಲುಗಳೆಲ್ಲ ಮುಚ್ಚಿದ್ದವು. ಅವನ ನೆರಳು ಕೂಡ ಹೊರಗೆ ಬೀಳಲು ಒಲ್ಲದೆ ಪಾದದಡಿ ಸೇರಿಕೊಂಡಿತ್ತು. ಬೇವಿನ ಗಿಡದ ಬುಡದಲ್ಲಿ ಮಲಗಿದ್ದ ನಾಯಿ ಇವನನ್ನು ನೋಡಲಿಲ್ಲ. ಹೆಜ್ಜೆಗಳು ಹೋದ ದಿಕ್ಕಿಗೇ ಕಿವಿ ನಿಮಿರಿಸಿ ನೋಡುತ್ತಿತ್ತು. ಆ ದಿಕ್ಕಿನಿಂದ, ಬಿಸಿಲಿನ ಅಲೆಯ ಆಚೆಯಿಂದ, ಗುಂಯ್ಗುಡಿಕೆ ಕೇಳಿಸಿತು.

ಒಮ್ಮೆ ಹಿಂತಿರುಗಿ ನೋಡಿದ. ಮಣ್ಣಿನಲ್ಲಿ ಈಗ ಎರಡು ಸಾಲುಗಳಿದ್ದವು. ಒಂದು ಪ್ಲಾಸ್ಟರಿನದು: ಅಚ್ಚುಕಟ್ಟು, ಸಮ ಅಳತೆ, ನೇರ. ಇನ್ನೊಂದು ಇವನದು: ಕೋಲಿನ ಚುಕ್ಕೆ, ಎಡಗಾಲಿನ ಹೆಜ್ಜೆ, ಮಡಚದ ಬಲಗಾಲು ಅರ್ಧ ಚಂದ್ರದಂತೆ ಎಳೆದುಕೊಂಡು ಬಂದ ಗೀರು. ಇನಸ್ಪೆಕ್ಟರರು ಇವೆರಡನ್ನೂ ನೋಡಿದರೆ ನೌಕರಿಯನ್ನು ಯಾರಿಗೆ ಕೊಡುತ್ತಾರೆಂಬುದರಲ್ಲಿ ಅವನಿಗೆ ಅನುಮಾನ ಉಳಿಯಲಿಲ್ಲ. ಅಂಜಿಕೆಯ ನಡುವೆಯೂ ಹೊಟ್ಟೆಕಿಚ್ಚಾಯಿತು.

ಟಪಾಲು ಕಚೇರಿಯ ಮುಂದೆ ಹೆಜ್ಜೆಗಳು ದಾರಿ ಬಿಟ್ಟು ಪಕ್ಕಕ್ಕೆ ತಿರುಗಿದ್ದವು. ಮೆಟ್ಟಿಲಿನ ಎದುರು ಒಂದೇ ಕಡೆ ನಾಲ್ಕೈದು ಸಲ ಊರಿದ ಗುರುತು. ದಿನವೂ ಬೆಳಗ್ಗೆ ಅವನು ಸೈಕಲ್ಲಿನಿಂದ ಇಳಿದು ಬಲಗಾಲು ಊರುತ್ತಿದ್ದ ಜಾಗ ಅದೇ. ಕಾಲು ಡ್ಯೂಟಿಗೆ ಬಂದಿತ್ತು. ಬಾಗಿಲು ಮುಚ್ಚಿರುವುದನ್ನು ಕಂಡು ಮುಂದೆ ಹೋಗಿತ್ತು. ದಶರಥನ ಬಾಯಿ ಒಣಗಿತು. ಹೊಟ್ಟೆಯೊಳಗೆ ಏನೋ ತಿರುಗಿ ಮಗ್ಗುಲಾಯಿತು.

ಊರು ಮುಗಿಯಿತು. ಜಾಲಿಯ ಕಂಟಿಗಳು ಶುರುವಾದವು. ಹೆಜ್ಜೆಗಳು ಅವುಗಳ ನಡುವೆ ನುಸುಳಿ ಸುಡುಗಾಡಿಗೆ ಹೋದವು. ಕೊನೆಯ ಹೆಜ್ಜೆಯ ಆಚೆ ಹೊಸದಾಗಿ ತೋಡಿದ ಒಂದು ಕುಣಿ. ಕುಣಿಯೊಳಗೆ, ಮೀನಖಂಡದವರೆಗೆ ಇಳಿದು, ಕಾಲು ನೆಟ್ಟಗೆ ನಿಂತಿತ್ತು. ಸುತಳಿ ಬಿಚ್ಚಿರಲಿಲ್ಲ. ಮೈಗೆಲ್ಲ ಅರಿಸಿನ ಬಳಿದಿತ್ತು, ಮೊಣಕಾಲಿಗೆ ಒಂದು ಕಣಗಿಲ ಹೂವು. ಸುತ್ತ ಯಾರೂ ಇರಲಿಲ್ಲ. ಗುಂಯ್ಗುಡಿಕೆ ಈಗ ಎದುರಿನಿಂದ ಬರುತ್ತಿರಲಿಲ್ಲ, ಎಲ್ಲ ಕಡೆಯಿಂದಲೂ ಬರುತ್ತಿತ್ತು.

ದಶರಥ ನೋಡುತ್ತಿದ್ದಂತೆ, ತೊಡೆಯ ಬಾಯಿಯಿಂದ ಒಂದು ಎಳೆ ಹೊಗೆ ಎದ್ದು ಬಂತು. ಗುಂಯ್ಗುಡಿಕೆ ನಿಂತಿತು. ಇಷ್ಟು ದಿನ ಹಿಡಿದಿಟ್ಟಿದ್ದ ಉಸಿರನ್ನು ಆ ಕಾಲು ಬಿಟ್ಟಿತು.

ಆಮೇಲೆ ಆದದ್ದನ್ನು ದಶರಥ ಬಹಳ ದಿನ ಯಾರಿಗೂ ಹೇಳಲಿಲ್ಲ. ಬೇರೆಯವರಿಗೆ ಕಂಡದ್ದು ಇಷ್ಟು: ಸತ್ಯವ್ವ ಮತ್ತು ಮುದುಕವ್ವ ಕೊಡದಲ್ಲಿ ನೀರು ತುಂಬಿಕೊಂಡು ಬಾವಿಯಿಂದ ಬರುವ ಹೊತ್ತಿಗೆ ಕುಣಿಯ ಪಕ್ಕ ಬರಿಯ ಕೋಲು ಬಿದ್ದಿತ್ತು. ದಶರಥ ಒಂದು ಜಾಲಿಕಂಟಿಯ ಮರೆಯಿಂದ ಎದ್ದು ಬಂದ. ಮುಖ ಬಿಳಿಚಿತ್ತು, ಅಂಗಿ ಬೆವರಿಗೆ ತೊಯ್ದಿತ್ತು. ನಡೆಯುತ್ತ ಬಂದ. ಬಲ ಮೊಣಕಾಲು ಬಾಗುತ್ತಿತ್ತು. ಪೂರ್ತಿಯಲ್ಲ, ಆದರೆ ಬಾಗುತ್ತಿತ್ತು.

ಸತ್ಯವ್ವ ಕೊಡ ಇಳಿಸುವುದನ್ನೂ ಮರೆತು ಅತ್ತಳು. ಆಮೇಲೆ ಎಲ್ಲ ಹೇಳಿದಳು. ಕಾಲನ್ನು ಹೊತ್ತುಕೊಂಡು ಹೋಗುವುದು ಸಲ್ಲದು, ಅದು ತನ್ನ ನಡಿಗೆಯಿಂದಲೇ ಮಣ್ಣಿಗೆ ಹೋಗಬೇಕು ಎಂದು ಮುದುಕವ್ವ ಕಟ್ಟು ಮಾಡಿದ್ದಳಂತೆ. ಅವಳೇ ಅದನ್ನು ಎರಡೂ ಕೈಯಿಂದ ಹಿಡಿದು ಹೆಜ್ಜೆ ಹೆಜ್ಜೆಗೂ ನೆಲಕ್ಕೆ ಒತ್ತುತ್ತ ನಡೆದಿದ್ದಳು. ಇಬ್ಬರೂ ಬರಿಗಾಲು. ಅದು ತಮ್ಮ ಜಾಡು ಹಿಡಿದು ಮನೆಗೆ ಮರಳಬಾರದೆಂದು ಸತ್ಯವ್ವ ಬೇವಿನ ಟೊಂಗೆ ಎಳೆಯುತ್ತ ತಮ್ಮ ಹೆಜ್ಜೆಗಳನ್ನಷ್ಟೇ ಅಳಿಸುತ್ತ ಬಂದಿದ್ದಳು. ದುಡಿದ ಜಾಗದ ಮುಂದೆ ಹೆಣ ಇಳಿಸುವ ರೂಢಿಯಂತೆ ಟಪಾಲು ಕಚೇರಿಯ ಮುಂದೆ ಕಾಲನ್ನು ನಿಲ್ಲಿಸಿ, ಇನ್ನು ನಿನ್ನ ಕೆಲಸ ಮುಗಿಯಿತು, ನನ್ನ ಮಗನ ಕಾಲು ಬಿಡು, ಎಂದು ಮನಸ್ಸಿನಲ್ಲೇ ಹೇಳಿಕೊಂಡಿದ್ದಳು. ಹೊಗೆ, ಒಳಗೆ ಸಿಕ್ಕಿಸಿದ್ದ ಊದಿನಕಡ್ಡಿಯದು.

ದಾರಿಯುದ್ದ ಗುಂಯ್ ಎಂದದ್ದು ನೀವೇನು, ಎಂದು ದಶರಥ ಕೇಳಿದ. ಹೆಂಗಸರು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ದಾರಿಯಲ್ಲಿ ತುಟಿ ಬಿಚ್ಚಬಾರದಲ್ಲ, ತಾವು ಬಿಚ್ಚಿರಲಿಲ್ಲ. ಮುದುಕವ್ವ ಮಾತು ಬೆಳೆಸದೆ ಮಣ್ಣು ಎಳೆಯತೊಡಗಿದಳು, ಸ್ವಲ್ಪ ಜೋರಾಗಿಯೇ.

ಅಂದಿನಿಂದ ಮನೆಯಲ್ಲಿ ದನಿ ಕೇಳಲಿಲ್ಲ. ದಶರಥ ದಿನವೂ ಮಡಚಿದ. ನೋವು ಇತ್ತು, ಅಂಜಿಕೆ ಇರಲಿಲ್ಲ. ಇಪ್ಪತ್ತು ದಿನಕ್ಕೆ ಸೈಕಲ್ಲು ಹತ್ತಿದ. ಸುದ್ದಿ ಅವನಿಗಿಂತ ಮೊದಲು ಸೈಕಲ್ಲು ಹತ್ತಿ ಬಬಲೇಶ್ವರದವರೆಗೆ ಹೋಗಿತ್ತು. ಮೊಣಕಾಲು ಹಿಡಿದವರು, ಸೊಂಟ ಹಿಡಿದವರು, ಏನೂ ಹಿಡಿಯದವರು ಕೂಡ ಬಂದು ಕುಣಿಯ ಮೇಲೆ ಕಾಯಿ ಒಡೆಯತೊಡಗಿದರು. ಯಾರೋ ಒಂದು ಕಲ್ಲು ನಿಲ್ಲಿಸಿ ಸುಣ್ಣ ಬಳಿದು ಕಾಲಪ್ಪ ಎಂದು ಹೆಸರಿಟ್ಟರು. ಪಕ್ಕದಲ್ಲಿ ಮುದುಕವ್ವ ಗಟ್ಟಿಯಾಗಿ ಕೂತುಬಿಟ್ಟಳು. ಸತ್ಯವ್ವ ಓಣಿಯಲ್ಲಿ ಹೋಗುವಾಗ ಹೆಂಗಸರು ದಾರಿ ಬಿಡುತ್ತಿದ್ದರು.

ಜೂನ್ ಮೊದಲ ವಾರ ಇನಸ್ಪೆಕ್ಟರರು ಬಂದರು. ಸಂಗಣ್ಣ ಎಂದು ಹೆಸರು. ಸಣ್ಣ ಕಣ್ಣು, ದಪ್ಪ ಫೈಲು. ಕಚೇರಿಯ ಮುಂದೆ ಅರ್ಧ ಊರು ನೆರೆದಿತ್ತು. ದಶರಥ ಮೂರು ಸುತ್ತು ಸೈಕಲ್ಲು ತುಳಿದು ತೋರಿಸಿದ. ಜನ ತಲೆದೂಗಿತು. ಸಂಗಣ್ಣನವರ ತಲೆ ತೂಗಲಿಲ್ಲ. ಅವರು ಫೈಲಿನ ಹಾಳೆ ತಿರುವಿ ಹಿಂದಕ್ಕೆ ಹೋದರು, ಮುಂದಕ್ಕೆ ಬಂದರು. ಏಪ್ರಿಲ್ ಪೂರ್ತಿ ಕಾಲು ಮಡಚುವುದಿಲ್ಲವೆಂದು ರಜೆ. ಮೇ ಹನ್ನೆರಡರವರೆಗೂ ಮಡಚುವುದಿಲ್ಲ. ಊರವರು ಹೇಳುವಂತೆ ಹದಿಮೂರರಂದು ಒಂದೇ ಮಧ್ಯಾಹ್ನದಲ್ಲಿ ಮಡಚಿತು. ಹೀಗೆ ಒಮ್ಮೆಲೇ ಮಡಚಿದ ಕಾಲು ಮೊದಲೇ ಮಡಚುತ್ತಿರಲಿಲ್ಲ ಎನ್ನಲು ಏನು ಆಧಾರ? ಪ್ಲಾಸ್ಟರ್ ಎಲ್ಲಿ ಎಂದರು. ಹುಗಿದಿದ್ದೇವೆ ಎಂದರು ಜನ. ಅಗೆದು ತೆಗೆಯಿರಿ ಎಂದರು. ಮುದುಕವ್ವ ಮೇಲೆ ಕೂತಿದ್ದಾಳೆ ಎಂದರು ಜನ.

ಸಂಗಣ್ಣನವರು ಪೆನ್ನಿನ ಟೊಪ್ಪಿಗೆ ತೆಗೆದರು. ಸುಳ್ಳು ರಜೆ ಎಂದು ಬರೆಯಲು ಒಂದೇ ಸಾಲು ಸಾಕಾಗಿತ್ತು. ಬರೆಯುವ ಮೊದಲು, ನ್ಯಾಯವಂತರಾದ್ದರಿಂದ, ಒಂದು ಸಲ ಕೇಳಿದರು.

“ದೇವರು, ದೆವ್ವ ಅಂತ ನನ್ನ ಮುಂದ ಹೇಳಬ್ಯಾಡ. ಒಂದೂವರಿ ತಿಂಗಳ ಮಡಚಲಾರದ್ದು ಆ ದಿನ ಸುಡುಗಾಡಿನಾಗ ಹೆಂಗ ಮಡಚಿತು? ಇದ್ದದ್ದ ಇದ್ದಂಗ ಹೇಳು.”

ನೆರೆದವರು ಉಸಿರು ಹಿಡಿದರು. ಸತ್ಯವ್ವ ಸೆರಗು ಸರಿಪಡಿಸಿಕೊಂಡು ಕೈ ಮುಗಿದು ನಿಂತಳು, ತನ್ನ ಹೆಸರು ಬರುವುದನ್ನು ಕಾಯುತ್ತ. ದಶರಥ ಅವಳನ್ನು ನೋಡಿದ, ಸೈಕಲ್ಲನ್ನು ನೋಡಿದ, ಟೊಪ್ಪಿಗೆ ಇಲ್ಲದ ಪೆನ್ನನ್ನು ನೋಡಿದ. ಮುಂದೆ ಇಪ್ಪತ್ತೆಂಟು ವರ್ಷ ಅವನು ಮಾಡಿದ ನೌಕರಿ ಆ ಒಂದು ಉತ್ತರದ ಮೇಲೆ ನಿಂತದ್ದು.

“ಅಂಜಿದ್ದಕ್ಕ ಹೊಟ್ಟಿ ಕೆಟ್ಟಿತ್ತರಿ ಸಾಹೇಬ್ರ. ಕಂಟಿ ಮರಿಗೆ ಓಡಿದೆ. ಅದು ನಿಂತ ಮಾಡೂ ಕೆಲಸ ಅಲ್ಲಲ್ಲರಿ.”